ರೂಪಾಯಿಗೆ 6 ಪೈಸೆ

ಕೇಳುಗರೇ, ನಮಸ್ಕಾರ.

ಮನೆ ಕಂದಾಯ ಕಟ್ಟಿದ ರಸೀದಿ ಕೈಗೆ ಸಿಗುವ ಹಾಗಿದ್ದರೆ ಒಮ್ಮೆ ತೆಗೆದು ನೋಡಿ. ಆರೋಗ್ಯ ಕರ, ಭಿಕ್ಷುಕರ ಕರದ ಜೊತೆಗೆ ಗ್ರಂಥಾಲಯ ಕರ ಅಂತ ಇನ್ನೊಂದು ಸಾಲು ಇರುತ್ತದೆ. ತೆರಿಗೆಯ ಒಂದು ರೂಪಾಯಿಗೆ 6 ಪೈಸೆ. ವರ್ಷಾ ವರ್ಷಾ ಇದನ್ನು ಕಟ್ಟುವವರಲ್ಲಿ ಎಷ್ಟೋ ಜನ ಲೈಬ್ರರಿ ಮೆಟ್ಟಿಲನ್ನೇ ಹತ್ತಿರುವುದಿಲ್ಲ. ತರಕಾರಿ ಅಂಗಡಿಯಲ್ಲಿ ಕೊಸರಿಗೆ ಕೊತ್ತಂಬರಿ ಕೇಳದೆ ಬಿಡದವರು ನಾವು, ಇಲ್ಲಿ ಮಾತ್ರ ದುಡ್ಡು ಕೊಟ್ಟು ಬರಿಗೈಲಿ ಬರ್ತೀವಿ, ಅಲ್ವಾ?

1956ರಲ್ಲಿ ಕನ್ನಡನಾಡು ಒಂದಾದಾಗ ಲೈಬ್ರರಿಗಳು ಒಂದೊಂದು ಕಡೆ ಒಂದೊಂದು ಥರ ಇದ್ದವು. ಮಂಗಳೂರಿನವರಿಗೆ ಮದ್ರಾಸಿನ 1948ರ ಕಾಯ್ದೆ. ಕಲಬುರಗಿ, ಬೀದರ್, ರಾಯಚೂರಿನವರಿಗೆ ಹೈದರಾಬಾದಿನ 1955ರ ಕಾಯ್ದೆ. ಬೆಳಗಾವಿ, ಧಾರವಾಡದ ಕಡೆ ಊರವರೇ ವಂತಿಗೆ ಹಾಕಿ ನಡೆಸುತ್ತಿದ್ದ ವಾಚನಾಲಯಗಳು. ಹಳೇ ಮೈಸೂರಿನವರಿಗೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ. ದಿವಾನ್ ಶೇಷಾದ್ರಿ ಅಯ್ಯರ್ ನೆನಪಿಗೆ 1915ರ ಹೊತ್ತಿಗೆ ಎದ್ದು ನಿಂತದ್ದು. ಇವತ್ತಿಗೂ ಅದೇ ನಮ್ಮ ರಾಜ್ಯ ಕೇಂದ್ರ ಗ್ರಂಥಾಲಯ.

ಇದನ್ನೆಲ್ಲ ಒಂದೇ ಸೂರಿನಡಿ ತಂದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. ಗ್ರಂಥಾಲಯ ಕರ ಇಡೀ ರಾಜ್ಯಕ್ಕೆ ಬಂದದ್ದೂ ಅದರಿಂದಲೇ. ಇಂಥ ಕಾಯ್ದೆ ಎಲ್ಲ ರಾಜ್ಯಕ್ಕೂ ಬೇಕು ಅಂತ ಜೀವಮಾನವೆಲ್ಲ ಹಟ ಹಿಡಿದವರು ಎಸ್.ಆರ್. ರಂಗನಾಥನ್. ಗಣಿತದ ಮೇಷ್ಟ್ರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಬಂದವರು ಮತ್ತೆ ಲೆಕ್ಕದ ಪಾಠಕ್ಕೆ ತಿರುಗಿ ಹೋಗಲಿಲ್ಲ. ಕೊನೆಗಾಲ ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಗ್ರಂಥಾಲಯಕ್ಕೆ ಅವರು ಐದು ಸೂತ್ರ ಹಾಕಿಕೊಟ್ಟರು. ಮೊದಲನೆಯದು: ಪುಸ್ತಕ ಇರುವುದು ಬಳಸಲಿಕ್ಕೆ.

ಇದೇನು ದೊಡ್ಡ ಮಾತು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಚಿಕ್ಕವನಿದ್ದಾಗ ನಮ್ಮೂರಿನ ಲೈಬ್ರರಿಯಲ್ಲಿ ಎರಡು ಗಾಜಿನ ಬೀರು ಇದ್ದವು. ಎರಡಕ್ಕೂ ಬೀಗ. ಪುಸ್ತಕದ ಹೆಸರು ಹೊರಗಿನಿಂದಲೇ ಓದಬೇಕು. ಬೀಗದ ಕೈ ಕೇಳಿದರೆ ಅಲ್ಲಿದ್ದವರು, "ಕಳೆದುಹೋದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ ಮರಿ, ಪೇಪರ್ ಓದ್ಕೊಂಡು ಹೋಗು" ಅನ್ನುತ್ತಿದ್ದರು. ಪಾಪ, ಅವರನ್ನೂ ಬೈಯುವ ಹಾಗಿಲ್ಲ. ಗಾಜಿಗೆ ಮೂಗು ಒತ್ತಿ ನಿಂತ ನನ್ನ ಉಸಿರಿಗೆ ಹೆಸರುಗಳು ಮಸುಕಾಗುತ್ತಿದ್ದವು. ಅಂಗಿ ತೋಳಲ್ಲಿ ಒರೆಸಿ ಮತ್ತೆ ಓದುತ್ತಿದ್ದೆ.

ಈಗ ಹಳ್ಳಿಯ ಲೈಬ್ರರಿಗಳು ಪಂಚಾಯತಿ ಇಲಾಖೆಯ ಕೈಯಲ್ಲಿವೆ. 2019ರಲ್ಲಿ ಅವು ಅಲ್ಲಿಗೆ ಬಂದವು, ಆಮೇಲೆ ಅರಿವು ಕೇಂದ್ರ ಅಂತ ಹೆಸರೂ ಬದಲಾಯಿತು. ಹೆಸರು ಬದಲಾದ ಮಾತ್ರಕ್ಕೆ ಜನ ಬಂದರು ಅಂತ ನಾನು ನಂಬುವುದಿಲ್ಲ. ಜನರನ್ನು ಕರೆತಂದದ್ದು ಮಕ್ಕಳು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದ್ದವಲ್ಲ, ಆಗ 'ಓದುವ ಬೆಳಕು' ಅಂತ ಒಂದು ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ.

ಮೊನ್ನೆ ಊರಿಗೆ ಹೋದಾಗ ಅಲ್ಲೊಮ್ಮೆ ಇಣುಕಿದೆ. ಒಂದೇ ಪೇಪರನ್ನು ಮೂವರು ಹಿರಿಯರು ಹಾಳೆ ಹಾಳೆ ಹಂಚಿಕೊಂಡಿದ್ದರು. ಒಂದು ಸುದ್ದಿಯ ಮುಂದಿನ ಭಾಗ ಏಳನೇ ಪುಟದಲ್ಲಿದ್ದರೆ, ಏಳನೇ ಪುಟದವರು ಓದಿ ಮುಗಿಸುವ ತನಕ ಕಾಯಬೇಕು! ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬೆಳಗ್ಗೆಯೇ ಕುರ್ಚಿಗೆ ಬ್ಯಾಗ್ ಇಟ್ಟು ಹೋಗಿದ್ದರು, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ನಾಲ್ಕು ಗಂಟೆಗೆ ಶಾಲೆ ಬಿಟ್ಟಿತು ನೋಡಿ, ಬಾಗಿಲಲ್ಲಿ ಚಪ್ಪಲಿ ರಾಶಿ ಬಿತ್ತು. 'ಮೌನವಾಗಿರಿ' ಬೋರ್ಡಿನ ಕೆಳಗೇ ಇಬ್ಬರು ಪುಟಾಣಿಗಳು ಒಂದೇ ಕಥೆ ಪುಸ್ತಕವನ್ನು ಆ ಕಡೆ ಈ ಕಡೆ ಎಳೆದಾಡಿ ಜಗಳ ಕಾಯುತ್ತಿದ್ದರು.

ಗಾಜಿನ ಬೀರು ಅಲ್ಲೇ ಇದೆ. ಬಾಗಿಲನ್ನು ಮಾತ್ರ ಯಾರೋ ಕಳಚಿ ತೆಗೆದಿದ್ದಾರೆ. ಕೂರಲು ಎಲ್ಲೂ ಜಾಗ ಸಿಗಲಿಲ್ಲ. ಒಂದು ಪುಸ್ತಕ ತೆಗೆದುಕೊಂಡು ಕಿಟಕಿ ಹತ್ತಿರ ನಿಂತೇ ಓದಿದೆ.

ನಮಸ್ಕಾರ.