ಪಟ್ಣಕ್ಕೆ ಮೊದಲ ಸಲ ಬರೋರಿಗೆ: ಆಟೋ ಹತ್ತೋಕೆ ಮುಂಚೆ ಈ ವಿಡಿಯೋ ನೋಡಿ

ಬೆಳಿಗ್ಗೆ ಎಂಟೂವರೆ, ಬಿಸಿಲಿನ್ನೂ ಏರಿಲ್ಲ. ಇದು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ. ಸುತ್ತಮುತ್ತಲೋರ ಬಾಯಲ್ಲಿ ಬರೀ ‘ಪಟ್ಣ’. 1610ರಲ್ಲಿ ರಾಜ ಒಡೆಯರ ಕೈಗೆ ಬಂತು, ಅಲ್ಲಿಂದ 1799ರವರೆಗೆ ಮೈಸೂರು ಸೀಮೆಗೆ ಇದೇ ರಾಜಧಾನಿ. ರಾಜಧಾನಿ ಅಂದ್ಮೇಲೆ ಕೋಟೆಯೊಳಗೆ ಅರಮನೆ ಎಲ್ಲಿ ಅಂತ ಹುಡುಕಬೇಡಿ. ಅಲ್ಲಿದ್ದ ಟಿಪ್ಪುವಿನ ಅರಮನೆ ಲಾಲ್ ಮಹಲ್ ಬಿದ್ದುಹೋಗಿದೆ, ತಳಪಾಯ ನೋಡಿ ಸುಮ್ಮನಾಗಬೇಕು.

ಬೆಂಗಳೂರಿಂದ ಕಾರಲ್ಲಿ ಬರೋರು ಎಕ್ಸ್‌ಪ್ರೆಸ್‌ವೇ ಮೇಲೇ ಇದ್ರೆ ಬೈಪಾಸಲ್ಲಿ ಊರು ದಾಟಿಹೋಗುತ್ತೆ. ಬೋರ್ಡ್ ನೋಡ್ಕೊಂಡು ಮೊದಲೇ ಸರ್ವಿಸ್ ರಸ್ತೆಗೆ ಇಳೀರಿ. ಬೈಕಿನೋರಿಗೆ ಆ ಗೊಂದಲವೇ ಇಲ್ಲ, 2023ರ ಆಗಸ್ಟ್‌ನಿಂದ ಅವರನ್ನ ಮೇಲಿನ ರಸ್ತೆಗೆ ಬಿಡೋದೇ ಇಲ್ಲ. ನಾನ್‌ಸ್ಟಾಪ್ ಬಸ್ಸಾದ್ರೆ ‘ಪಟ್ಣದೊಳಕ್ಕೆ ಹೋಗುತ್ತಾ’ ಅಂತ ಕಂಡಕ್ಟರನ್ನ ಕೇಳಿ ಹತ್ತಿ. ಮೈಸೂರಿಂದ 15 ಕಿ.ಮೀ. ಅಷ್ಟೇ, ರೈಲೂ ಇದೆ. ಎಲ್ಲ ರೈಲೂ ಇಲ್ಲಿ ನಿಲ್ಲಲ್ಲ, ಅದೊಂದು ನೋಡ್ಕೊಳ್ಳಿ.

ದೇವಸ್ಥಾನ ಮೊದಲು. ರಂಗನಾಥಸ್ವಾಮಿ ಬಾಗಿಲು ಮಧ್ಯಾಹ್ನ ಹಾಕಿದ್ರೆ ಮತ್ತೆ ತೆಗೆಯೋದು ಸಂಜೆ ನಾಲ್ಕರ ಹೊತ್ತಿಗೆ. ಹನ್ನೆರಡೂವರೆಗೆ ಓಡ್ಕೊಂಡು ಬರೋರ ಕಷ್ಟ ಇನ್ನೊಂದು, ಬರಿಗಾಲಿಗೆ ಕಲ್ಲು ಕಾದ ಹೆಂಚು. ಲೇಸಿನ ಶೂ ಬೇಡ, ಟಿಪ್ಪು ಸಮಾಧಿ ಇರೋ ಗುಂಬಜ್‌ನಲ್ಲೂ ಬಿಚ್ಚಬೇಕು. ಚಪ್ಪಲಿ ಹಾಕ್ಕೊಂಡು ಬನ್ನಿ.

ಈಗ ಆಟೋ. ಇದನ್ನ ಸ್ವಲ್ಪ ಹೇಳ್ಲೇಬೇಕು. ಇಳಿದ ತಕ್ಷಣ ‘ಎಂಟು ಪಾಯಿಂಟ್, ಹತ್ತು ಪಾಯಿಂಟ್’ ಅಂತ ಶುರುವಾಗುತ್ತೆ. ಪಾಯಿಂಟ್ ಅಂದ್ರೇನು? ದೇವಸ್ಥಾನ ಒಂದು, ಟಿಪ್ಪು ಯುದ್ಧದಲ್ಲಿ ಸತ್ತು ಬಿದ್ದಿದ್ದ ಜಾಗ ಒಂದು, ಕರ್ನಲ್ ಬೇಲಿ ಹೆಸರಿನ ಸೆರೆಮನೆ ಒಂದು, ಮಸೀದಿ ಒಂದು. ಇವೆಲ್ಲ ಕೋಟೆಯೊಳಗೇ ಇವೆ ಸ್ವಾಮಿ, ನಡ್ಕೊಂಡೇ ಮುಗಿಸಬಹುದು! ನಡೆಯೋ ಜಾಗಕ್ಕೆ ದುಡ್ಡು ಕೊಟ್ಟು ಕೂತ್ಕೊಳ್ಳೋದು ಶುದ್ಧ ದಂಡ. ಪಟ್ಣ ಕಾವೇರಿ ನಡುವಿನ ಒಂದು ದ್ವೀಪ. ಕೋಟೆ ಪಶ್ಚಿಮದ ತುದಿ, ನದಿ ಕವಲು ಮತ್ತೆ ಕೂಡೋ ಸಂಗಮ ಪೂರ್ವದ ತುದಿ. ಕೋಟೆ ಕಾಲಲ್ಲಿ ಮುಗಿಸಿ, ಆಮೇಲೆ ಆಟೋ ಕರೀರಿ. ಪಾಯಿಂಟ್ ಲೆಕ್ಕವೇ ಬೇಡ. ‘ಅಣ್ಣಾ, ದರಿಯಾ ದೌಲತ್, ಗುಂಬಜ್, ಸಂಗಮ, ಕಾಯೋದೂ ಸೇರಿ ವಾಪಸ್ ಇಲ್ಲಿಗೇ, ಒಟ್ಟು ಎಷ್ಟು?’ ಇಷ್ಟೇ ಕೇಳಿ. ದರಿಯಾ ದೌಲತ್ ಅಂದ್ರೆ ಟಿಪ್ಪುವಿನ ಬೇಸಿಗೆ ಅರಮನೆ. ‘ಕಾಯೋದೂ ಸೇರಿ’ ಅನ್ನೋ ಮಾತು ಮರೆತ್ರೆ ಸಂಗಮದ ದಡದಲ್ಲಿ ರೇಟು ಬದಲಾಗುತ್ತೆ. ಹಾಗಂತ ಅವರನ್ನ ಪೂರ್ತಿ ಬಯ್ಯೋದೂ ತಪ್ಪು. ವಯಸ್ಸಾದೋರು ಜೊತೆಗಿದ್ರೆ ಪಾಯಿಂಟ್ ಲೆಕ್ಕವೇ ವಾಸಿ, ಕೊಟ್ಟುಬಿಡಿ.

ಈ ಶಾಟಲ್ಲಿ ಕಾಣ್ತಿರೋ ರೈಲು ಹಳಿ ಕೋಟೆಯೊಳಗೇ ಹಾದುಹೋಗಿದೆ. ಜೋಡಿ ಹಳಿ ಹಾಕೋಕೆ ಟಿಪ್ಪು ಕಾಲದ ಶಸ್ತ್ರಾಗಾರ ಅಡ್ಡ ಬಂತು ಅಂತ 2017ರಲ್ಲಿ ಆ ಕಟ್ಟಡವನ್ನ ಒಡೆಯದೆ, ಇಡಿಯಾಗಿ ಎತ್ತಿ 100 ಮೀಟರ್‌ಗೂ ಜಾಸ್ತಿ ಆಚೆಗೆ ಜರುಗಿಸಿದ್ರು. ಕಲ್ಲು, ಇಟ್ಟಿಗೆ, ಗಾರೆ ಎಲ್ಲಾ ಒಟ್ಟಿಗೆ! ಸರಿ, ಶಾಟ್ ಮುಗೀತು, ಸೆರೆಮನೆಗೆ ಬನ್ನಿ.

ಚಾವಣಿಯಿಂದ ಒಳಕ್ಕೆ ಬಿದ್ದ ಫಿರಂಗಿ ಅಲ್ಲೇ ಇದೆ, ಎಲ್ಲರೂ ಅದರ ಮುಂದೆ ಸೆಲ್ಫಿ ತಗೊಂಡು ಹೊರಡ್ತಾರೆ. ಹೆಸರು ನೆನಪಿಟ್ಕೊಳ್ಳಿ: ಕರ್ನಲ್ ಬೇಲಿ. 1780ರ ಪೊಲ್ಲಿಲೂರು ಯುದ್ಧದಲ್ಲಿ ಹೈದರ್, ಟಿಪ್ಪು ಸೇನೆಗೆ ಸೋತು ಸೆರೆಸಿಕ್ಕ ಬ್ರಿಟಿಷ್ ಸೇನಾಧಿಕಾರಿ.

ಯಾಕಂದ್ರೆ ದರಿಯಾ ದೌಲತ್ ಗೋಡೆ ಮೇಲೆ ಅದೇ ಯುದ್ಧ ಇದೆ. ಹೊರಗಿಂದ ಹಸಿರು ತಟ್ಟಿ ಬಿಟ್ಟಿರ್ತಾರೆ, ಬಿಸಿಲಿಗೆ ಬಣ್ಣ ಮಾಸಬಾರದು ಅಂತ. ಅದನ್ನ ನೋಡಿ ‘ಏನೋ ಗೋಡೌನ್’ ಅಂತ ವಾಪಸ್ ಹೋಗ್ಬೇಡಿ. ಪಶ್ಚಿಮದ ಗೋಡೆ ಮುಂದೆ ನಿಂತು ಬೇಲಿಯನ್ನ ಹುಡುಕಿ: ಸುತ್ತಲೂ ಸಿಪಾಯಿಗಳು, ನಡುವೆ ಪಲ್ಲಕ್ಕಿ, ಅದರಲ್ಲಿ ಕೂತು ಬೆರಳು ಕಚ್ಕೊಳ್ತಾ ಇದಾನೆ. ಪಕ್ಕದಲ್ಲಿ ಮದ್ದಿನ ಬಂಡಿ ಸಿಡೀತಾ ಇದೆ. ಸೆರೆಮನೆ ಮೊದಲು, ಚಿತ್ರ ಆಮೇಲೆ. ಉಲ್ಟಾ ಮಾಡಿದ್ರೆ ಮಜಾನೇ ಇಲ್ಲ.

ಗುಂಬಜ್ ಒಳಗೆ ಗೋಡೆ ಪೂರ್ತಿ ಹುಲಿಪಟ್ಟೆ. ಹೈದರ್, ಅವನ ಹೆಂಡತಿ, ಮಗ ಟಿಪ್ಪು, ಮೂರು ಸಮಾಧಿ. ಗದ್ದಲ ಬೇಡ. ದಾರಿ ಗಂಜಾಂ ಮೇಲೆ. ನಿಮಿಷಾಂಬ ದೇವಸ್ಥಾನವೂ ಅಲ್ಲೇ ಇರೋದ್ರಿಂದ ಹುಣ್ಣಿಮೆ ದಿನ ಈ ರಸ್ತೆ ಜಾತ್ರೆ.

ಸಂಗಮ ಬಿಟ್ಟುಬಿಡಿ ಅನ್ನೋಣ ಅಂತಿದ್ದೆ, ಭಾನುವಾರ ಬರೀ ಗಲಾಟೆ, ಪ್ಲಾಸ್ಟಿಕ್ಕು. ಈ ಶಾಟ್ ನೋಡಿದ್ಮೇಲೆ ಇಲ್ಲ, ಹೋಗಿ. ಆದ್ರೆ ವಾರದ ದಿನ ಹೋಗಿ. ಮಳೆಗಾಲದಲ್ಲಿ ಕೆ.ಆರ್.ಎಸ್.ನಿಂದ ನೀರು ಬಿಟ್ಟಾಗ ಮೆಟ್ಟಿಲು ಮುಳುಗುತ್ತೆ, ಆಗ ದಡದಲ್ಲೇ ನಿಂತು ನೋಡಿ. ನೀರು ಕಮ್ಮಿ ಇದ್ದಾಗಲೂ ಒಳಗೆ ಸೆಳೆತ ಇರುತ್ತೆ, ಬಂಡೆಗೆ ಪಾಚಿ ಕಟ್ಟಿರುತ್ತೆ. ಮಕ್ಕಳ ಕೈ ಬಿಡಬೇಡಿ. ಆಟೋನೂ ಬಿಡಬೇಡಿ. ಕತ್ತಲಾದ್ಮೇಲೆ ಈ ತುದಿಯಲ್ಲಿ ಇನ್ನೊಂದು ಸಿಗೋದು ಕಷ್ಟ.