ಮಂಡಿಯೊಳಗಿನ ಅರ್ಧಚಂದ್ರ

ಕೇಳುಗರೇ, ನಮಸ್ಕಾರ.

ನಮ್ಮ ಪ್ರತಿಯೊಂದು ಮಂಡಿಯಲ್ಲಿಯೂ, ತೊಡೆಮೂಳೆ ಮತ್ತು ಕಣಕಾಲಿನ ಮೂಳೆಗಳ ನಡುವೆ, ಅರ್ಧಚಂದ್ರಾಕಾರದ ಎರಡು ಬಿಲ್ಲೆಗಳಿವೆ. ವೈದ್ಯರು ಇವನ್ನು ಮೆನಿಸ್ಕಸ್ ಎನ್ನುತ್ತಾರೆ. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಬ್ರಿಟನ್ನಿನ ಬ್ಲ್ಯಾಂಡ್-ಸಟನ್ ಎಂಬ ತಜ್ಞರು ಇವು ಕಾಲಿನ ಸ್ನಾಯುವೊಂದರ ಕೆಲಸಕ್ಕೆ ಬಾರದ ಅವಶೇಷಗಳೆಂದು ಬರೆದರು. ಈ ಅಭಿಪ್ರಾಯ ಬಹುಕಾಲ ಉಳಿಯಿತು. ಆಟದಲ್ಲಿ ಮಂಡಿ ತಿರುಚಿ ಬಿಲ್ಲೆ ಹರಿದರೆ ಶಸ್ತ್ರಚಿಕಿತ್ಸಕರು ಅದನ್ನು ಇಡಿಯಾಗಿ ತೆಗೆದುಬಿಡುತ್ತಿದ್ದರು; ನೋವು ಇಳಿದು ಆಟಗಾರ ಮೈದಾನಕ್ಕೆ ಮರಳುತ್ತಿದ್ದುದರಿಂದ ಚಿಕಿತ್ಸೆ ಸರಿಯೆಂದೇ ತೋರುತ್ತಿತ್ತು.

1948ರಲ್ಲಿ ಫೇರ್‌ಬ್ಯಾಂಕ್ ಎಂಬ ಬ್ರಿಟಿಷ್ ಶಸ್ತ್ರಚಿಕಿತ್ಸಕರು, ಹೀಗೆ ಬಿಲ್ಲೆ ತೆಗೆಸಿಕೊಂಡಿದ್ದ ನೂರಕ್ಕೂ ಹೆಚ್ಚು ಮಂದಿಯ ಮಂಡಿಗಳ ಕ್ಷಕಿರಣ ಚಿತ್ರಗಳನ್ನು ಪರಿಶೀಲಿಸಿ ವರದಿ ಮಾಡಿದರು. ಅನೇಕರಲ್ಲಿ ಕೀಲಿನ ಎಡೆ ಕಿರಿದಾಗಿತ್ತು, ತೊಡೆಮೂಳೆಯ ದುಂಡನೆಯ ತುದಿ ಚಪ್ಪಟೆಯಾಗಿತ್ತು, ಅಂಚಿನಲ್ಲಿ ಮೂಳೆಯ ಏಣು ಎದ್ದಿತ್ತು. ಮೈಭಾರವನ್ನು ಹರಡಿ ಹೊರುತ್ತಿದ್ದ ಬಿಲ್ಲೆ ಹೋದ ಮೇಲೆ ಆ ಭಾರ ಮೂಳೆಯ ತುದಿಗೆ ಹೊದಿಕೆಯಾಗಿರುವ ಮೃದ್ವಸ್ಥಿಯ ಮೇಲೆ ಕಿರಿದಾದ ಜಾಗದಲ್ಲಿ ಒತ್ತತೊಡಗುತ್ತದೆ. ಗುಣವಾಯಿತೆಂದು ಮನೆಗೆ ಕಳುಹಿಸಿದವರ ಮಂಡಿಯನ್ನು ಮತ್ತೆ ನೋಡಬೇಕೆನ್ನುವ ಆ ಶ್ರದ್ಧೆಯನ್ನು ನಾನು ಬಹಳ ದೊಡ್ಡದೆಂದು ಭಾವಿಸುತ್ತೇನೆ.

ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ನರಗಳಿಲ್ಲದ ಕಾರಣ ಸವೆತ ಆರಂಭವಾದಾಗ ನೋವಿನ ಸುಳಿವು ಸಿಗದೆ ಹೋಗಬಹುದು. ರಕ್ತವಿಲ್ಲದ ಕಾರಣ ಅದು ಚರ್ಮದ ಗಾಯದಂತೆ ಮಾಯುವುದಿಲ್ಲ. ನಾಶವಾದ ಮೃದ್ವಸ್ಥಿ ಮರಳಿ ಬರುವುದಿಲ್ಲವೆಂದು ಅಂಗರಚನಾ ತಜ್ಞ ವಿಲಿಯಂ ಹಂಟರ್ 1743ರಲ್ಲಿಯೇ ಬರೆದಿದ್ದರು.

ಹೀಗೆ ಕೀಲಿನ ಮೃದ್ವಸ್ಥಿ ಸವೆಯುವ ಸಂಧಿಸವೆತ ಮುದುಕರ ಕಾಯಿಲೆಯಷ್ಟೇ ಎಂಬ ನಂಬಿಕೆಯನ್ನು ಸ್ವೀಡನ್ನಿನ ಅಧ್ಯಯನವೊಂದು ಅಲುಗಿಸಿತು. ಮಂಡಿಯೊಳಗೆ ಮೇಲಿನ ಮತ್ತು ಕೆಳಗಿನ ಮೂಳೆಗಳನ್ನು ಬಿಗಿದಿಡುವ ಮುಂದಿನ ಅಡ್ಡರಜ್ಜು ಹರಿದಿದ್ದ ಫುಟ್‌ಬಾಲ್ ಆಟಗಾರ್ತಿಯರನ್ನು ಪೆಟ್ಟಾದ 12 ವರ್ಷಗಳ ನಂತರ ಪರೀಕ್ಷಿಸಿದಾಗ, ಕ್ಷಕಿರಣ ಚಿತ್ರ ತೆಗೆಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸಂಧಿಸವೆತ ಕಂಡಿತು. ಆಗ ಅವರ ಸರಾಸರಿ ವಯಸ್ಸು 31. ಈ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ನಮ್ಮ ಊರುಗಳ ಕಬಡ್ಡಿ ಅಂಕಣದಲ್ಲಿ ಮಂಡಿ ತಿರುಚಿಕೊಂಡ ಹುಡುಗ ಹುಡುಗಿಯರಿಗೆ ಎಣ್ಣೆ ನೀವಿ ಸುಮ್ಮನಾಗುವುದನ್ನು ಕಂಡಾಗ ನನಗೆ ಈ ಅಂಕಿಗಳು ನೆನಪಾಗುತ್ತವೆ.

ಬಿಲ್ಲೆಯ ಹೊರ ಅಂಚಿಗೆ ಮಾತ್ರ ರಕ್ತದ ಪೂರೈಕೆ ಇದೆ. ಅಲ್ಲಿ ಹರಿದ ಭಾಗವನ್ನು ಹೊಲಿದರೆ ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು. ಆದ್ದರಿಂದ ಎಳೆಯರ ಮಂಡಿಗೆ ಶಸ್ತ್ರಚಿಕಿತ್ಸೆ ಬೇಕೆಂದು ವೈದ್ಯರು ಹೇಳಿದಾಗ, ಬಿಲ್ಲೆಯನ್ನು ಹೊಲಿಯಲು ಬರುತ್ತದೆಯೇ, ತೆಗೆಯುವುದಾದರೆ ಎಷ್ಟು ಭಾಗ ಉಳಿಯುತ್ತದೆ ಎಂದು ಮನೆಯವರು ಕೇಳಿ ತಿಳಿದುಕೊಳ್ಳಬೇಕು.

ನಮಸ್ಕಾರ.