ಮೊದಲು ಗಡಿ, ಆಮೇಲೆ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರಿನಲ್ಲಿ ಕೂತು ಈ ಮಾತು ಕೇಳುತ್ತಿರುವ ನಿಮ್ಮಲ್ಲಿ ಬಹಳ ಜನರಿಗೆ ಒಂದು ಊರಿದೆ, ಅಲ್ವಾ? ಹಬ್ಬ ಬಂದರೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಹೋಗುವ ಊರು. ಅದು ಎಲ್ಲಿದೆ, ಎಷ್ಟು ಜನ ಇದ್ದಾರೆ ಅಂತ ಕೇಳಿದರೆ ಏನು ಹೇಳುತ್ತೀರಿ? "ಕುಣಿಗಲ್ ಹತ್ರ ಸಾರ್, ನೂರು ಮನೆ ಇರಬಹುದು." ಜನಗಣತಿಗೆ ಇಷ್ಟು ಸಾಲದು. ಯಾವ ಹೋಬಳಿ? ಗಡಿ ಎಲ್ಲಿಂದ ಎಲ್ಲಿಗೆ?

ಜನಗಣತಿಯಲ್ಲಿ ಹಳ್ಳಿ ಅಂದರೆ ಬರೀ ಮನೆಗಳ ಗುಂಪಲ್ಲ, ಕಂದಾಯ ಗ್ರಾಮ. ಅದಕ್ಕೆ ನಕ್ಷೆ ಇದೆ, ಸರ್ವೆ ನಂಬರುಗಳಿವೆ, ಗಡಿ ಇದೆ. ಹೊಲ, ಕೆರೆ, ಗುಂಡುತೋಪು ಎಲ್ಲ ಅದರೊಳಗೇ. ಅದಕ್ಕೇ ಹೇಳುವುದು, ಮೊದಲು ಗಡಿ, ಆಮೇಲೆ ಲೆಕ್ಕ.

2011ರ ಫೆಬ್ರವರಿ. ಮಾಗಡಿ ತಾಲ್ಲೂಕಿನ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದೆ, ಗಣತಿ ಕೆಲಸ ಬಂತು. 9ರಿಂದ 28ನೇ ತಾರೀಖಿನವರೆಗೆ ಮನೆಮನೆ ಸುತ್ತಬೇಕು. ಊರೊಳಗಿನ ಮನೆಗಳು ಮುಗಿದವು. ಕೆರೆ ಏರಿ ದಾಟಿದರೆ ಹನ್ನೊಂದು ಮನೆಯ ಒಂದು ಹಟ್ಟಿ. ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ತಲೆ ಎತ್ತಿ, "ನಮ್ಮನ್ನ ಯಾವೂರಿಗೆ ಬರ್ಕೊತೀಯಪ್ಪ?" ಅಂದರು.

ಊರವರು ಹಟ್ಟಿಯೇ ಬೇರೆ ಅಂದಿದ್ದರು. ಹಟ್ಟಿಯವರೂ ಹಾಗೇ ಅಂದರು. ನಕ್ಷೆ ಬಿಡಿಸಿದೆ. ಅಜ್ಜಿ ಕೋಲು ಹಿಡಿದು ಮುಂದೆ ನಡೆದರು, ಲಂಟಾನ ಪೊದೆ ಸರಿಸಿ ಬಾಂದು ಕಲ್ಲು, ಅಂದರೆ ಗಡಿಗೆ ನೆಟ್ಟ ಕಲ್ಲು, ತೋರಿಸಿದರು. ಕಲ್ಲು ಹಟ್ಟಿಯ ಆಚೆಗಿತ್ತು. ಅಂದರೆ ಹನ್ನೊಂದು ಮನೆಯೂ ನಮ್ಮ ಗ್ರಾಮದ ಲೆಕ್ಕಕ್ಕೇ.

ವಾಪಸ್ ಬಂದು ಬರೆಯಲು ಕೂತೆ. ಅಜ್ಜಿ ಒಳಗಿಂದ ಒಂದು ಸ್ಟೀಲ್ ತಟ್ಟೆ ತಂದರು. ಅಂಚಿನಲ್ಲಿ ಮಗನ ಹೆಸರು ಕೆತ್ತಿಸಿತ್ತು. "ಇವನ್ನೂ ಬರ್ಕೊ, ತಟ್ಟೆ ಇಲ್ಲೇ ಐತೆ." ಮಗ ನಾಲ್ಕು ವರ್ಷದಿಂದ ಪೀಣ್ಯದಲ್ಲಿದ್ದ. ಹಾಗೆ ಬರೆಯುವಂತಿಲ್ಲ. ಅವನು ವಾಸ ಇರುವುದು ಬೆಂಗಳೂರಿನಲ್ಲಿ, ಲೆಕ್ಕವೂ ಬೆಂಗಳೂರಿಗೇ. ಎಷ್ಟು ಬಿಡಿಸಿ ಹೇಳಿದರೂ ಅವರು ಒಪ್ಪಲಿಲ್ಲ. ತಟ್ಟೆ ಸೆರಗಿನಲ್ಲಿ ಒರೆಸಿ ಒಳಗಿಟ್ಟರು.

ಹೊತ್ತು ಕಮ್ಮಿ ಇದೆ, ಬೇಗ ಹೇಳುತ್ತೇನೆ. 2011ರ ಗಣತಿಯಲ್ಲಿ ಕರ್ನಾಟಕದ ಹಳ್ಳಿಗಳು 29,340. ಅದರಲ್ಲಿ ಜನವಸತಿ ಇದ್ದದ್ದು 27,397. ಉಳಿದ ಕಡೆ ಗಡಿ ಇದೆ, ನಕ್ಷೆ ಇದೆ, ವಾಸಕ್ಕೆ ಒಬ್ಬರೂ ಇಲ್ಲ. ಕಂದಾಯದವರು ಇವನ್ನು ಬೇಚಿರಾಕ್ ಗ್ರಾಮ ಅನ್ನುತ್ತಾರೆ. ಚಿರಾಗ್ ಅಂದರೆ ದೀಪ. ದೀಪ ಹಚ್ಚುವವರಿಲ್ಲದ ಊರು. ಜನ ಇಲ್ಲದಿದ್ದರೂ ಅದು ಗ್ರಾಮವೇ, ಯಾಕೆಂದರೆ ಮೊದಲು ಗಡಿ!

ಮುಂದಿನ ಜನಗಣತಿ 2027ಕ್ಕೆ. ಅಷ್ಟರೊಳಗೆ ಒಂದು ಕೆಲಸ ಮಾಡಿ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕ್ಷೆ ಸಿಗುತ್ತದೆ. ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿ ನಿಮ್ಮ ಊರಿನದ್ದು ಇಳಿಸಿಕೊಳ್ಳಿ. ಮುಂದಿನ ಸಲ ಹೋದಾಗ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಗಡಿ ಸುತ್ತಿ ಬನ್ನಿ. ಬೆಳಗ್ಗೆಯೇ ಹೊರಡಿ, ಬಿಸಿಲಿಗೆ ಮುಂಚೆ.

ನಮಸ್ಕಾರ.